ಸಾಹೇಬರ ಝೆರಾಕ್ಸ್

ಹಾಸ್ಟೆಲಿನ ಅಡುಗೆಯವ ಸಂತಾನ್ ಸಿದ್ದಿ ಮಗಳ ನರ್ಸಿಂಗ್ ಓದಿಗಾಗಿ ಊರೆಲ್ಲ ವಿಚಾರಿಸಿ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿಗೆಂದೇ ಇದ್ದ ಒಂದು ವಿದ್ಯಾರ್ಥಿವೇತನ ಪತ್ತೆ ಮಾಡಿದ್ದ. ಅರ್ಜಿಗೆ ಅಂದೇ ಕಡೇ ದಿನ. ಫೋಟೋ ಅಂಟಿಸಿದ ಅರ್ಜಿಗೆ ವಿದ್ಯಾರ್ಥಿವೇತನ ಕಚೇರಿಯ ಝೆರಾಕ್ಸ್ ಮಶೀನಿನಲ್ಲೇ ಪ್ರತಿ ತೆಗೆಸಬೇಕೆಂಬ ನಿಯಮ ಬೇರೆ. ತೆಗೆಸಿದ.

ಅಧಿಕಾರಿ ರುದ್ರಮೂರ್ತಿ ಸಾಹೇಬರು ಆ ಪ್ರತಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. "ಏನಯ್ಯಾ, ಫೋಟೋದಲ್ಲಿ ಬರೀ ಕಪ್ಪು! ಮುಖ ಎಲ್ಲಿದೆ? ನಿಮ್ಮವರದು ಯಾವಾಗಲೂ ಇದೇ ಗೋಳು. ಮುಖ ಕಾಣದ ಅರ್ಜಿ ನಾನು ತಗೊಳ್ಳಲ್ಲ."

ಪಕ್ಕದಲ್ಲೇ ನಿಂತಿದ್ದ ಮಗಳ ಕಣ್ಣು ತುಂಬಿತು. ಸಂತಾನ್ ಮಾತ್ರ ಮೇಜಿನ ಗಾಜಿನಡಿ ಇದ್ದ ಫೋಟೋ ನೋಡುತ್ತಿದ್ದ. ಶಾಲು, ಹಾರ, ಪೌಡರು ಬಳಿದ ಸಾಹೇಬರ ಬೆಳ್ಳನೆ ಮುಖ.

"ಎಷ್ಟ್ ಚಂದ ಬಂದೈತ್ರಿ ಸಾಹೇಬ್ರ! ನಮ್ಮ ಕೇರಿಯವರಿಗೆ ತೋರಸ್ತೀನಿ, ಒಂದು ಝೆರಾಕ್ಸ್ ತಗೊಳ್ಳಲೇನ್ರಿ?"

ಸಾಹೇಬರು ಉಬ್ಬಿಹೋದರು. ತಾವೇ ಗಾಜೆತ್ತಿ ಫೋಟೋ ಕೊಟ್ಟರು.

ಸಂತಾನ್ ಅದೇ ಮಶೀನಿನಲ್ಲಿ ತೆಗೆಸಿ ತಂದು ಮೇಜಿನ ಮೇಲಿಟ್ಟ. ಶಾಲು ಕಂಡಿತು, ಹಾರ ಕಂಡಿತು. ಮುಖವಿರಬೇಕಾದ ಕಡೆ ದೋಸೆ ಹಂಚಿನ ತಳದಂಥ ಕಪ್ಪು.

"ನಿಮ್ಮ ಮಶೀನು ಭಾಳ ನ್ಯಾಯದ್ದು ನೋಡ್ರಿ. ನಿಮ್ಮನ್ನೂ ನಮ್ಮವರನ್ನ ಮಾಡೈತಿ. ನಿಮ್ಮ ಹೆಸರಿಗೂ ಒಂದು ಅರ್ಜಿ ತುಂಬಲೇನ್ರಿ?"

ಕಚೇರಿಗೆ ಕಚೇರಿಯೇ ಗೊಳ್ಳೆಂದಿತು. ಸಾಹೇಬರು ಕೆನ್ನೆ ಸವರಿಕೊಂಡರು. ಠಪ್ಪೆಂದು ಅರ್ಜಿಗೆ ಮೊಹರು ಒತ್ತಿದರು. ಆಮೇಲೆ ಮೆಲ್ಲಗೆ, "ಆ ಕಾಪಿ ಇಲ್ಲಿ ಕೊಡಪ್ಪಾ" ಎಂದರು.

ಸಂತಾನ್ ಅದನ್ನು ಮಡಚಿ ಜೇಬಿಗಿಟ್ಟ. "ಹ್ಯಾಂಗ್ ಕೊಡ್ಲಿ ಸಾಹೇಬ್ರ? ಮುಂದಿನ ವರ್ಷ ನಮ್ಮ ಕೇರಿಯಿಂದ ಇನ್ನೂ ನಾಲ್ಕು ಹುಡುಗ್ಯಾರು ಅರ್ಜಿ ತರೋರದಾರ!"