ಉರಿಗಲ್ಲು ದುರ್ಗದ ಮೂರು ಕಾರು

"ಕೇಳ್ರಪ್ಪೋ ಕೇಳಿ! ನಮ್ಮ ಅರಸರಾದ ವಿಜಯಧವಳರ ಬಳಿ ಮೂರು ಪುಟ್ಟ ಕಾರುಗಳಿವೆ. ಒಂದು ಕೆಂಪು, ಒಂದು ಕಪ್ಪು, ಒಂದು ಬಿಳಿ. ಅವುಗಳ ಮೇಲೆ ಮೂರು ಒಗಟು. ಬಿಡಿಸಿದವರಿಗೆ ಮೆಚ್ಚಿದ ಕಾರು, ಜೊತೆಗೆ ಕೇಳಿದ ವರ. ತಪ್ಪಿದವರನ್ನು ಬ್ರೇಕಿಲ್ಲದ ಜೀಪಿಗೆ ಕಟ್ಟಿ ದುರ್ಗದ ರಸ್ತೆಗೆ ಉರುಳಿಸಲಾಗುವುದು!"

ಹೀಗೆ ಉರಿಗಲ್ಲು ರಾಜ್ಯದ ಬೀದಿಬೀದಿಯಲ್ಲಿ ಡಂಗುರ ಸಾರಿದರು. ದುರ್ಗದ ರಸ್ತೆಗೆ ಹದಿನೆಂಟು ತಿರುವು. ಒಂಬತ್ತನೆಯದರಲ್ಲಿ ಯುವರಾಜ ಕಾರು ಸಮೇತ ಬಂಡೆಗೆ ಬಡಿದು ಸತ್ತು ಆರು ತಿಂಗಳಾಗಿತ್ತು. ಆ ದಿನ ಅಲ್ಲಿದ್ದವರು ತಂದೆ ಮಗ ಇಬ್ಬರೇ. ಯಾವ ಕಾರು ಎಂದು ಗುರುತು ಸಿಗದಂತೆ ಅರಸ ಅದರ ಮೈಯನ್ನೆಲ್ಲ ತಟ್ಟಿಸಿ, ಬಣ್ಣ ಹೊಡೆಸಿ, ಉಳಿದೆರಡರ ಪಕ್ಕ ನಿಲ್ಲಿಸಿದ್ದ.

ಇಂಥ ಷರತ್ತಿಗೆ ಯಾರು ಬರುತ್ತಾರೆ ಅಂತೀರಾ? ಕಾರಿನ ಹುಚ್ಚು ಹಿಡಿದವರನ್ನು ನೀವು ಕಂಡಿಲ್ಲ, ಅಷ್ಟೆ. ಇವು ಹ್ಯಾಚ್‌ಬ್ಯಾಕ್ ಕಾರುಗಳು. ಹೊರಗಿನಿಂದ ನೋಡಿದರೆ ಸಂತೆಯಿಂದ ತರಕಾರಿ ತರುವ ಗಾಡಿ, ಬಾನೆಟ್ ಎತ್ತಿದರೆ ಒಳಗೆ ರಾಕ್ಷಸ. ಕೆಂಪಿನ ಬಲ ದೊಡ್ಡದೋ, ಕಪ್ಪಿನ ಹಿಡಿತ ದೊಡ್ಡದೋ ಎಂದು ಚಹಾದಂಗಡಿಯಲ್ಲಿ ಜಗಳವಾಡಿ ಮಾತು ಬಿಟ್ಟ ಗೆಳೆಯರಿದ್ದರು. ನಾಲ್ವರು ಬಂದರು, ನಾಲ್ಕು ಜೀಪು ಉರುಳಿದವು. ಆದರೂ ಜನ ಬರುವುದು ನಿಲ್ಲಲಿಲ್ಲ.

ಐದನೆಯವನು ಜವಳಿ ವರ್ತಕನ ಮಗ. ಕೋಟೆಯ ಅಂಗಳದಲ್ಲಿ ಅರಸ ಕೂತಿದ್ದ. ಕೊರಳಲ್ಲಿ ರತ್ನಹಾರದ ಬದಲು ಒಂದು ಸ್ಟಾಪ್‌ವಾಚ್ ನೇತಾಡುತ್ತಿತ್ತು.

"ಕೆಂಪಿಗೆ ಮುನ್ನೂರು ಕುದುರೆಯ ಬಲ, ಕಪ್ಪಿಗೆ ಇನ್ನೂರೈವತ್ತು, ಬಿಳಿಗೆ ಇನ್ನೂರೇ. ಆದರೂ ಈ ದುರ್ಗವನ್ನು ಹತ್ತುವಾಗ ಬಿಳಿಯದೇ ಗೆದ್ದಿತು. ತನ್ನಲ್ಲಿ ಏನು ಇಲ್ಲದ್ದರಿಂದ ಅದು ಗೆದ್ದಿತು?" ಎಂದು ಅರಸ ಕೇಳಿದ.

ವರ್ತಕನ ಮಗ ನಕ್ಕ. "ಭಯ ಇಲ್ಲದ್ದರಿಂದ, ಪ್ರಭು."

ಅವನನ್ನು ಜೀಪಿಗೆ ಕಟ್ಟಿದರು. ಜೀಪು ಉರುಳತೊಡಗಿದಾಗ ಅರಸ ಸ್ಟಾಪ್‌ವಾಚ್ ಒತ್ತಿದ. ಕೆಳಗಿನಿಂದ ಸದ್ದು ಕೇಳಿದಾಗ ಮತ್ತೆ ಒತ್ತಿ, ಮುಳ್ಳು ನೋಡಿ, "ಮುಂದಿನವನು" ಎಂದ.

ಮುಂದಿನವನು ಬಾಡಿಗೆ ಕಾರಿನ ಚಾಲಕ ಜವರ. ಅವನ ಬೆನ್ನಿಗೆ ತಮ್ಮ ಮಾದೇವು ಬಂದಿದ್ದ. ದುರ್ಗದ ಬುಡದಲ್ಲಿ ಪಂಕ್ಚರ್ ಅಂಗಡಿ ಇಟ್ಟವನು, ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗದು. "ಬ್ಯಾಡ ಕಣಣ್ಣ" ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಹುಚ್ಚು ಕೇಳಬೇಕಲ್ಲ!

ಮೊದಲ ಒಗಟನ್ನು ಜವರ ತಟ್ಟನೆ ಬಿಡಿಸಿದ. "ತೂಕ ಇಲ್ದೇ ಇರೋದ್ರಿಂದ, ಬುದ್ಧಿ. ಮೈ ಭಾರ ಇದ್ರೆ ತಿರುವು ತಿರುವಿಗೂ ಹಿಡಿದೆಳೀತದೆ."

"ಸರಿ. ಮೂರು ಕಾರೂ ನಿಂತರೂ ಓಡಿದರೂ ನಾಲ್ಕು ಅಂಗೈಗಳ ಮೇಲೇ ಇರುತ್ತವೆ. ಆ ಅಂಗೈ ಯಾವುವು?"

ಜವರ ಬಾನೆಟ್ ಕಡೆ ನೋಡಿದ. ಕಾರಿನ ಹುಚ್ಚರೆಲ್ಲ ಮೊದಲು ನೋಡುವುದು ಅಲ್ಲಿಗೇ. "ಎಂಜಿನ್ನಿನ ನಾಲ್ಕು ಪಿಸ್ಟನ್" ಎಂದ.

ಭಟರು ಅವನನ್ನು ಎಳೆದೊಯ್ದು ಜೀಪಿಗೆ ಕಟ್ಟಿದರು. ಮಾದೇವು ಓಡಿಬಂದು ಅರಸನ ಕಾಲಿಗೆ ಬಿದ್ದ.

"ಉಳಿದಿದ್ನ ನಾನು ಹೇಳ್ತೀನಿ ಬುದ್ಧಿ. ಹೇಳಿದ್ರೆ ಅಣ್ಣನ್ನ ಬಿಟ್ಬುಡಿ. ತಪ್ಪಿದ್ರೆ ಇಬ್ಬರ್ನೂ ಒಂದೇ ಜೀಪಿಗೆ ಹಾಕಿ."

"ಆಗಲಿ" ಎಂದು ಅರಸ ಸ್ಟಾಪ್‌ವಾಚ್ ಒತ್ತಿದ.

ಮಾದೇವು ಬಾನೆಟ್ ಕಡೆ ತಿರುಗಲೂ ಇಲ್ಲ. ಕುಕ್ಕರುಗಾಲಲ್ಲಿ ಕೂತು, ಟೈರು ನೆಲಕ್ಕೆ ತಾಗಿದ್ದಲ್ಲಿ ತನ್ನ ಕೈಯನ್ನು ಇಟ್ಟು ತೋರಿಸಿದ. "ನೆಲ ಮುಟ್ಟೋದು ಇಷ್ಟೇ ಅಗಲ, ಬುದ್ಧಿ. ಎಷ್ಟೇ ಕುದುರೆ ಇರ್ಲಿ, ಕೂತೋನ ಜೀವ ಈ ನಾಲ್ಕು ಅಂಗೈ ರಬ್ಬರಿನ ಮ್ಯಾಲೆ."

ಅಂಗಳದಲ್ಲಿ ಗುಜುಗುಜು ಎದ್ದಿತು. ಅರಸ "ಸರಿ" ಎಂದು ಕೈ ಎತ್ತಿ ಸುಮ್ಮನಾಗಿಸಿದ. ಇಲ್ಲಿಯವರೆಗೆ ಯಾರ ಕಿವಿಗೂ ಬೀಳದ ಮೂರನೆಯ ಒಗಟನ್ನು ಹೇಳಿದ.

"ಈ ಮೂರರಲ್ಲಿ ನನ್ನ ಮಗನನ್ನು ಕೊಂದದ್ದು ಯಾವುದು?"

ಮಾದೇವು ಒಂದೊಂದು ಕಾರಿನ ಬಳಿಯೂ ಕೂತು ಚಕ್ರದ ಸಂದಿಯಲ್ಲಿ ಇಣುಕಿದ. ಬಿಳಿ ಕಾರಿನ ಬಳಿ ಬಹಳ ಹೊತ್ತು ಕೂತ. ಎದ್ದಾಗ ಅವನ ಕಣ್ಣು ಮೊದಲು ಅಣ್ಣನ ಕಡೆ ಹೋಯಿತು, ಆಮೇಲೆ ಅರಸನ ಎದೆಯ ಮೇಲಿನ ಸ್ಟಾಪ್‌ವಾಚ್ ಕಡೆ. ನಿಜ ಹೇಳಿದರೆ ಇಬ್ಬರೂ ಸಾಯಬಹುದು ಎಂದು ಅವನಿಗೆ ಗೊತ್ತಿತ್ತು.

"ಯುವರಾಜರು ಕೂತಿದ್ದು ಬಿಳೀದ್ರಲ್ಲಿ. ಆದ್ರೆ ಕೊಂದಿದ್ದು ಅದಲ್ಲ, ಬುದ್ಧಿ. ಮೂರ್ರಲ್ಲಿ ಯಾವ್ದೂ ಅಲ್ಲ."

"ಹೇಗೆ ಹೇಳುತ್ತೀ?"

"ಮೈಗೆ ಬಣ್ಣ ಹೊಡ್ಸಿದ್ದೀರಿ, ಬ್ರೇಕಿನ ಡಿಸ್ಕ್ ತಟ್ಟೆ ಹಂಗೇ ಅದೆ. ಕಾದು ನೀಲಿಗಟ್ಟದೆ. ಒಂದ್ಸಲ ಇಳಿದ್ರೆ ಹಿಂಗಾಗಲ್ಲ. ಆರಾಕ್ ಬಿಡ್ದೆ ಮತ್ತೆ ಮತ್ತೆ ಹತ್ತಿ ಇಳಿದ್ರೆ ಆಯ್ತದೆ. ಆಮ್ಯಾಕೆ ತುಳುದ್ರೂ ಬ್ರೇಕ್ ಹಿಡಿಯಾಕಿಲ್ಲ. ಸುಟ್ಟ ವಾಸ್ನೆ ಓಡ್ಸೋನಿಗೆ ಮೊದ್ಲೇ ಬತ್ತದೆ. ಬಂದ ಮ್ಯಾಲೂ ಇಳಿದ್ರು ಅಂದ್ರೆ, ಇಳಿ ಅಂದೋರು ಯಾರೋ ಇದ್ರು."

"ಯಾರು?"

"ಯಾವ ಕಾರು ಮುಂದು ಅಂತ ಹೊತ್ತು ಅಳೀತಿದ್ದೋರು."

ಭಟರು ಕತ್ತಿ ಹಿರಿದರು. ಅರಸ ಬೇಡವೆಂದು ತಲೆಯಾಡಿಸಿದ.

"'ಅಪ್ಪಾಜಿ, ಸುಟ್ಟ ವಾಸನೆ ಬರ್ತಿದೆ' ಅಂದ ನನ್ನ ಮಗ" ಎಂದ ಅರಸ. "ಇಳಿಯುವುದರಲ್ಲಿ ಬಿಳಿಯದು ಕೆಂಪಿಗಿಂತ ಎರಡು ಸೆಕೆಂಡು ಹಿಂದಿತ್ತು. 'ಇನ್ನೊಂದೇ ಸಲ, ಮಗಾ' ಅಂದೆ. ಆಮೇಲೆ ಕಾರನ್ನು ದೂರಿದೆ, ಬಂದವರನ್ನೆಲ್ಲ ಕೊಂದೆ. ಒಬ್ಬನೂ ನನ್ನ ಕಡೆ ಬೆರಳು ತೋರಿಸಲಿಲ್ಲ." ಆಮೇಲೆ ಮಾದೇವುವನ್ನು ಕೇಳಿದ, "ಬ್ರೇಕ್ ಆರಲು ಎಷ್ಟು ಹೊತ್ತು ಬೇಕಿತ್ತು?"

"ಒಂದ್ ಬೀಡಿ ಸೇದೋ ಹೊತ್ತು, ಬುದ್ಧಿ."

ಅರಸ ಸ್ಟಾಪ್‌ವಾಚ್ ಒತ್ತಿದ. ಇಡೀ ಅಂಗಳ ಕಾದು ನಿಂತಿತು. ಐದು ನಿಮಿಷಕ್ಕೆ ಮುಳ್ಳು ಬಂದಾಗ, "ಇಷ್ಟೇನಾ?" ಎಂದು ಅರಸ ಮಗುವಿನಂತೆ ಅತ್ತ.

ಕೇಳಿದ ವರದಂತೆ ಜವರನ ಕಟ್ಟು ಬಿಚ್ಚಿದರು. ಮೆಚ್ಚಿದ ಕಾರು ತೆಗೆದುಕೋ ಎಂದಾಗ ಮಾದೇವು ಬಿಳಿಯದನ್ನೇ ಕೇಳಿದ. ಅದಕ್ಕೆ ಹೊಸ ಡಿಸ್ಕ್ ಹಾಕಿಸಿ ಕೊಟ್ಟರು. ಸತ್ತ ಐವರ ಮನೆಗೆ ಅರಸ ತಾನೇ ನಡೆದು ಹೋದನಂತೆ. ಕ್ಷಮಿಸಿದವರು ಯಾರೂ ಇಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ.

ಅಣ್ಣತಮ್ಮ ಆ ಕಾರಿನಲ್ಲಿ ದುರ್ಗ ಇಳಿದರು. ಒಂಬತ್ತನೆಯ ತಿರುವಿನಲ್ಲಿ ಮಾದೇವು ಬದಿಗೆ ನಿಲ್ಲಿಸಿದ.

"ಯಾಕ್ಲಾ ನಿಲ್ಲಿಸ್ದೆ?" ಎಂದ ಜವರ.

"ಬ್ರೇಕ್ ಆರ್ಲಿ, ಅಣ್ಣ."

ಜವರ ಒಂದು ಬೀಡಿ ಹಚ್ಚಿದ. ಅವನು ಅದನ್ನು ಕೊನೆವರೆಗೂ ಸೇದಿ ಮುಗಿಸುವ ತನಕ ಮಾದೇವು ಕೀಲಿ ಮುಟ್ಟಲಿಲ್ಲ.