ಹಸಿರು ಮೀನು ಹಳದಿ ಮೀನಿಗೆ ರೆಕ್ಕೆ ಒಡ್ಡುವುದೇಕೆ

ಆಗ ಭೂಮಿ ಹೊಸತು. ನದಿಗೆ ಇನ್ನೂ ತನ್ನ ದಾರಿ ಗೊತ್ತಿರಲಿಲ್ಲ. ಒಂದು ಮಳೆಗಾಲ ಈ ಕಡೆ ಹರಿದರೆ ಇನ್ನೊಂದು ಮಳೆಗಾಲ ಆ ಕಡೆ. ಮಳೆ ನಿಂತು ನೀರು ಇಳಿಯುವಾಗ ಅಲ್ಲಲ್ಲಿ ಒಂದೊಂದು ಮಡು ಬಿಟ್ಟು ಹೋಗುತ್ತಿತ್ತು.

ಅಂಥ ಒಂದು ಮಡುವಿಗೆ ಎಲ್ಲರಿಗಿಂತ ಮೊದಲು ಬಂದವರು ಪಚ್ಚಕ್ಕ ಮತ್ತು ಅವಳ ಗಂಡ ಕರಿಯಣ್ಣ. ಇಬ್ಬರೂ ಅಗಲ ಮೈಯ ಹಸಿರು ಮೀನುಗಳು. ಮಡು ತೀರ ದೊಡ್ಡದಲ್ಲ, ತೀರ ಚಿಕ್ಕದೂ ಅಲ್ಲ. ನಡುವೆ ಒಂದು ಚಪ್ಪಟೆ ಕಲ್ಲು.

"ನನ್ನ ಮೊಟ್ಟೆ ಇಲ್ಲೇ ಇಡ್ತೀನಿ," ಎಂದಳು ಪಚ್ಚಕ್ಕ. "ಇದು ನನ್ನ ಚೊಚ್ಚಲು. ಒಂದೂ ಹಾಳಾಗಬಾರದು."

ನದಿಗೆ ಅವಳನ್ನು ಕಂಡರೆ ಅಕ್ಕರೆ. "ಮೊದಲು ಬಂದವಳು ನೀನು. ನಿನ್ನ ಜೊತೆ ಯಾರಿರಬೇಕು ಅಂತ ನೀನೇ ಆರಿಸು. ಆದರೆ ನೋಡಿ ಆರಿಸು ಮಗಳೇ. ನಾನು ಹಿಂದೆ ಸರಿದ ಮೇಲೆ ಮಡುವಿನ ಬಾಗಿಲು ಮುಚ್ಚುತ್ತೆ. ಮುಂದಿನ ಮಳೆವರೆಗೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ."

"ಏನು ನೋಡಲಿ?"

"ಬಾಯಿ ನೋಡು. ಬಾಯಲ್ಲಿ ಹಿಡಿಸಿದ್ದೆಲ್ಲ ಮೀನಿಗೆ ಊಟವೇ."

ಪಚ್ಚಕ್ಕ ಮಡುವಿನ ಬಾಗಿಲಲ್ಲಿ ನಿಂತಳು, ಹೆಣ್ಣು ನೋಡಲು ಬಂದ ಅತ್ತೆಯ ಗತ್ತಿನಲ್ಲಿ.

ಮೊದಲು ಬಂದದ್ದು ಹಾವಿನ ತಲೆಯ ಮೀನು. "ಬಾಯಿ ತೆಗಿ," ಎಂದಳು. ತೆಗೆಯಿತು. ಅದರೊಳಗೆ ಗಂಡ ಹೆಂಡತಿ ಇಬ್ಬರೂ ಸಂಸಾರ ಹೂಡಬಹುದಿತ್ತು.

"ಮುಂದೆ ಹೋಗಪ್ಪ," ಎಂದಳು, ಕೈ ಮುಗಿಯುವುದೊಂದು ಬಾಕಿ.

ಆಮೇಲೆ ಕಡ್ಡಿಯಂಥ ಬಿಳಿ ಮೀನುಗಳ ಹಿಂಡು ಬಂತು. "ಅಮ್ಮಾ, ನಮಗೆ ಮೇಲಿನ ಒಂದು ಗೇಣು ನೀರು ಸಾಕು. ಸೊಳ್ಳೆ ಮರಿ ತಿಂದುಕೊಂಡು ಇರ್ತೀವಿ. ಕೆಳಗೆ ಇಳಿಯೋದೇ ಇಲ್ಲ."

"ಇವರು ಇರಲಿ ಬಿಡೇ," ಎಂದ ಕರಿಯಣ್ಣ. "ಇವರು ಹೆದರದೆ ಓಡಾಡ್ತಿದ್ದರೆ ಮೇಲೆ ಕೊಕ್ಕರೆ ಇಲ್ಲ ಅಂತ ನಮಗೂ ಗೊತ್ತಾಗುತ್ತೆ."

ಪಚ್ಚಕ್ಕ ಮೂತಿ ತಿರುವಿದಳು. "ನಮ್ಮ ಕುಲ ಅಲ್ಲ, ನಮ್ಮ ರೀತಿ ನೀತಿ ಗೊತ್ತಿಲ್ಲ. ಮಕ್ಕಳು ಹುಟ್ಟೋ ಮನೆ ಇದು. ನಮ್ಮವರೇ ಇದ್ದರೆ ಒಳ್ಳೇದು."

ಬಿಳಿ ಮೀನುಗಳು ಬಂದ ದಾರಿಯಲ್ಲೇ ಹೋದವು.

ಕೊನೆಗೆ ಬಂದವಳು ಹೊನ್ನಿ, ಅರಿಶಿನ ಬಣ್ಣದ ಪುಟ್ಟ ಮೀನು. ಅದೇ ಅಗಲ ಮೈ, ಬೆನ್ನ ಮೇಲೆ ಅದೇ ಮುಳ್ಳು. ದೂರದ ದಾಯಾದಿ. ಜೊತೆಗೆ ಅವಳಷ್ಟೇ ಪುಟ್ಟ ಗಂಡ.

"ಅಕ್ಕಾ! ಎಷ್ಟು ಸೊರಗಿದ್ದೀಯ! ರೆಕ್ಕೆ ತುಂಬ ಹೇನು. ಬಾ ಇಲ್ಲಿ."

ಹೇಳಿದ್ದೇ ಹೆಕ್ಕತೊಡಗಿದಳು. ಮೀನಿಗೆ ಕೈ ಇಲ್ಲವಲ್ಲ, ತನ್ನ ಮೈಯ ಹೇನು ತಾನು ತೆಗೆಯಲಾರದು. ಪಚ್ಚಕ್ಕನಿಗೆ ತವರಿಗೆ ಹೋಗಿ ತಲೆ ಬಾಚಿಸಿಕೊಂಡಷ್ಟು ಸುಖವಾಯಿತು. ಆದರೂ ನದಿಯ ಮಾತು ಮರೆಯದೆ, "ಎಲ್ಲಿ, ಬಾಯಿ ತೋರಿಸು," ಎಂದಳು.

ಹೊನ್ನಿ ತೋರಿಸಿದಳು. ರಾಗಿ ಕಾಳು ಒಳಗೆ ಹೋದರೆ ಹೆಚ್ಚು.

ಪಚ್ಚಕ್ಕ ನಕ್ಕುಬಿಟ್ಟಳು. "ಈ ಬಾಯಲ್ಲಿ ನನ್ನ ಒಂದು ಮುಳ್ಳೂ ಹಿಡಿಸಲ್ಲ! ಒಳಗೆ ಬಾರೇ ತಂಗಿ." ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಆಗಿನ್ನೂ ಹುಟ್ಟಿರಲಿಲ್ಲ.

ನದಿ ಹಿಂದೆ ಸರಿಯಿತು. ಬಾಗಿಲು ಮುಚ್ಚಿತು.

ಪಚ್ಚಕ್ಕ ಕಲ್ಲಿನ ಮೇಲೆ ಮೊಟ್ಟೆ ಇಟ್ಟಳು. ರಾಗಿ ಚೆಲ್ಲಿದ ಹಾಗೆ ಕಲ್ಲಿನ ತುಂಬ ಮೊಟ್ಟೆ. ಗಂಡ ಹೆಂಡತಿ ರೆಕ್ಕೆಯಿಂದ ಗಾಳಿ ಬೀಸುವ ಹಾಗೆ ನೀರು ಬೀಸುತ್ತ ಕಾದರು. ಊಟ ಬಿಟ್ಟರು, ನಿದ್ದೆ ಬಿಟ್ಟರು. ಮೊಟ್ಟೆಯೊಳಗೆ ಕಪ್ಪು ಕಣ್ಣು ಮೂಡಿದಾಗ ಪಚ್ಚಕ್ಕನಿಗೆ ಮಡುವೇ ಸಾಲದಷ್ಟು ಸಂತೋಷ.

ಒಂದು ಬೆಳಿಗ್ಗೆ ಕರಿಯಣ್ಣ ದಡದ ಏಡಿಯನ್ನು ಅಟ್ಟಲು ಹೋಗಿದ್ದ. ಹಸಿವಿನಿಂದ ಪಚ್ಚಕ್ಕನಿಗೆ ತಲೆ ಸುತ್ತುತ್ತಿತ್ತು.

"ಅಕ್ಕಾ, ಹೋಗಿ ಎರಡು ಬಾಯಿ ಪಾಚಿ ತಿಂದು ಬಾ," ಎಂದಳು ಹೊನ್ನಿ. "ನಾನಿಲ್ಲವಾ, ನೋಡಿಕೊಳ್ತೀನಿ."

ಪಚ್ಚಕ್ಕ ಹೋದಳು. ತಿಂದಳು. ಬಂದಳು. ಕಲ್ಲು ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಹೊನ್ನೀ, ನನ್ನ ಮಕ್ಕಳೆಲ್ಲೇ?"

ಹೊನ್ನಿ ಅಡಗಿಕೊಳ್ಳಲಿಲ್ಲ, ಅಳಲೂ ಇಲ್ಲ. "ತಿಂದ್ವಿ ಅಕ್ಕಾ, ನಾನು, ನನ್ನ ಗಂಡ. ಸಣ್ಣದೇನು ಕಂಡರೂ ಹೆಕ್ಕೋ ಬಾಯಿ ಇದು. ಹೇನು ಅಂತ, ಮೊಟ್ಟೆ ಅಂತ ಇದಕ್ಕೆ ಭೇದ ಇಲ್ಲ. ನೀನೇ ತೆಗೆಸಿ ನೋಡಿದ್ದೆಯಲ್ಲ."

ಆ ಬಾಯಿಯನ್ನು ಪಚ್ಚಕ್ಕ ತನ್ನ ಮೈಗೆ ಹಿಡಿದು ಅಳೆದಿದ್ದಳೇ ಹೊರತು ತನ್ನ ಮೊಟ್ಟೆಗೆ ಹಿಡಿದು ಅಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕರಿಯಣ್ಣ ಬಂದು ನೋಡಿ ಹುಚ್ಚನಾದ. ಹೊನ್ನಿಯ ಬಾಲ ಹರಿಯುವ ತನಕ ಅಟ್ಟಿದ. ಅಟ್ಟಿ ಎಲ್ಲಿಗೆ ಕಳಿಸುವುದು? ಮಡು ಸುತ್ತಿ ಅವಳು ಮತ್ತೆ ಅಲ್ಲಿಗೇ ಬರುತ್ತಿದ್ದಳು.

"ನದೀ, ಬಾಗಿಲು ತೆಗಿ!" ಎಂದು ಪಚ್ಚಕ್ಕ ಕೂಗಿದಳು.

"ಮಳೆ ಬರಲಿ ಮಗಳೇ," ಎಂದಿತು ನದಿ ದೂರದಿಂದ. ಅದಕ್ಕಿಂತ ಹೆಚ್ಚೇನೂ ಅದರ ಕೈಯಲ್ಲಿ ಇರಲಿಲ್ಲ.

ಬಿಸಿಲು ಏರಿತು. ನೀರು ಬೆಚ್ಚಗಾಯಿತು, ಹೇನು ಹೆಚ್ಚಿತು. ಹೊನ್ನಿಯನ್ನು ಕರೆಯಲ್ಲ ಎಂದು ಪಚ್ಚಕ್ಕ ಹಟ ಹಿಡಿದಳು. ಆ ಬರಿದಾದ ಕಲ್ಲಿಗೇ ಮೈ ಉಜ್ಜಿದಳು. ಹೇನು ಹೋಗಲಿಲ್ಲ, ಹುರುಪೆ ಕಿತ್ತು ಹೋಯಿತು. ಹೋದರೆ ಹೋಗಲಿ ಎಂದುಕೊಂಡಳು. ಆದರೆ ಕರಿಯಣ್ಣನ ಕಿವಿರಿಗೂ ಹೇನು ಹತ್ತಿತು. ಅವನು ನೀರಿನ ಮೇಲೆ ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದ. ಮಕ್ಕಳೂ ಇಲ್ಲ, ಇನ್ನು ಗಂಡನೂ ಇಲ್ಲ ಎಂದಾದರೆ?

ಪಚ್ಚಕ್ಕ ಹೊನ್ನಿಯ ಹತ್ತಿರ ಹೋದಳು. ತಂಗಿ ಎನ್ನಲಿಲ್ಲ. "ಬಾ," ಎಂದಳು ಅಷ್ಟೇ.

ಹೊನ್ನಿ ಬಂದಳು. ಕರಿಯಣ್ಣನ ಕಿವಿರು ಬಿಡಿಸಿ ಒಂದೊಂದೇ ಹೇನು ಹೆಕ್ಕಿದಳು. ಅವನ ಉಸಿರು ಸರಾಗವಾಯಿತು. ಆಮೇಲೆ ಪಚ್ಚಕ್ಕನ ಕಡೆ ತಿರುಗಿದಳು.

ಪಚ್ಚಕ್ಕ ರೆಕ್ಕೆ ಒಡ್ಡಿದಳು. ತನ್ನ ಮಕ್ಕಳನ್ನು ತಿಂದ ಬಾಯಿ ಮೈಯ ಮೇಲೆ ಆಡಿತು, ಎಂದಿನಷ್ಟೇ ಮೆತ್ತಗೆ. ತುಸು ಕಚ್ಚಿ ನೋಯಿಸಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೊನ್ನಿ ನೋಯಿಸಲಿಲ್ಲ. ಸುಖವಾಯಿತು. ಆ ಸುಖಕ್ಕಾಗಿ ಪಚ್ಚಕ್ಕ ತನ್ನನ್ನು ತಾನು ಕೊನೆಯವರೆಗೂ ಕ್ಷಮಿಸಲಿಲ್ಲ.

ಮಳೆ ಬಂತು, ಬಾಗಿಲು ತೆರೆಯಿತು. ಆದರೆ ಹೇನು ಎಲ್ಲ ನೀರಿನಲ್ಲೂ ಇತ್ತು, ಹೆಕ್ಕುವ ಬಾಯಿ ಹೊನ್ನಿಯ ಕುಲಕ್ಕಷ್ಟೇ ಇತ್ತು. ಪಚ್ಚಕ್ಕ ಹೋದಲ್ಲಿಗೆ ಹೊನ್ನಿಯೂ ಹೋದಳು.

ಅದಕ್ಕೇ ಕಂದಾ, ಹಸಿರು ಮೀನು ಮೊಟ್ಟೆ ಇಟ್ಟಾಗ ಹಳದಿ ಮೀನನ್ನು ಕಲ್ಲಿನ ಹತ್ತಿರ ಸುಳಿಯಗೊಡುವುದಿಲ್ಲ, ಗಾಜಿನ ತೊಟ್ಟಿಯಲ್ಲಾದರೂ ಮೂಲೆಗೆ ಅಟ್ಟಿ ಇಡುತ್ತದೆ. ಉಳಿದ ದಿನ ಅದರ ಮುಂದೆಯೇ ರೆಕ್ಕೆ ಬಿಚ್ಚಿ ಅಲುಗಾಡದೆ ನಿಲ್ಲುತ್ತದೆ. ನೋಡಿದವರು, "ಅಬ್ಬಾ, ಎಷ್ಟು ಅನ್ಯೋನ್ಯವಾಗಿವೆ!" ಎನ್ನುತ್ತಾರೆ. ಆದರೆ ನೀನು ಗಾಜಿಗೆ ಮೂಗು ಒತ್ತಿ ಸರಿಯಾಗಿ ನೋಡು, ಹಳದಿ ಮೀನು ಹೆಕ್ಕಿ ಮುಗಿಸುವ ತನಕ ಹಸಿರು ಮೀನು ಬೇರೆ ಕಡೆಗೇ ನೋಡುತ್ತಿರುತ್ತದೆ.