ಸೋರದ ಮುಚ್ಚಳ

ತಿಮ್ಮೋಜಿಯ ಹಳೇ ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಘಟ್ಟ ಹತ್ತುವಾಗಲೆಲ್ಲ ಬುಸ್ಸೆಂದು ಆವಿ ಬಿಡುವ ಚಾಳಿ. ನಿಲ್ಲಿಸಿ ನೀರು ಹೊಯ್ದು ಹೊಯ್ದು ಬೇಸತ್ತ ಆತ, ಹೆಚ್ಚು ಒತ್ತಡ ತಡೆಯುವ ಹೊಸ ಮುಚ್ಚಳ ತಂದು ಹಾಕಿದ. ಹಳೆಯದನ್ನು ಬಿಸಾಡಲು ಮನಸ್ಸಾಗದೆ ಬ್ಯಾಟರಿ ಪಕ್ಕದ ಸಂದಿಗೆ ತುರುಕಿದ.

ಅಲ್ಲಿಂದಲೇ ಹಳೇ ಮುಚ್ಚಳ ಹೇಳಿತು: "ತಮ್ಮಾ, ಇಂಜಿನ್ನಿಗೆ ನೀರು ಹರಿಸುವ ಈ ರಬ್ಬರ್ ಪೈಪಿಗೆ ವಯಸ್ಸಾಗಿದೆ. ಅದು ನರಳಿದಾಗ ನಾನು ಒಂದಿಷ್ಟು ಆವಿ ಬಿಡುತ್ತಿದ್ದೆ. ನೀನೂ ಬಿಡು."

"ಸೋರುವುದು ಕೈಲಾಗದವರ ಕೆಲಸ," ಎಂದಿತು ಹೊಸದು.

ಘಟ್ಟದ ನಡುದಾರಿಯಲ್ಲಿ ನೀರು ಕುದಿಯಿತು. ಪೈಪಿನ ಹೊಟ್ಟೆ ಉಬ್ಬಿತು.

"ತಾಳಲಾರೆ ಕಣಪ್ಪಾ, ಒಂದು ಉಸಿರು ಬಿಡು," ಎಂದು ಅದು ಹೊಸ ಮುಚ್ಚಳವನ್ನು ಬೇಡಿಕೊಂಡಿತು.

"ನಾನು ತಾಳಿಕೊಂಡಿಲ್ಲವೇ? ನೀನೂ ತಾಳಿಕೋ."

ಹಳೇ ಮುಚ್ಚಳ ಸಂದಿಯಲ್ಲೇ ಚಡಪಡಿಸಿತು. ಆದರೆ ಬಿಡಲು ಅದರ ಬಳಿ ಈಗ ಆವಿ ಎಲ್ಲಿತ್ತು? ಪೈಪು ಸೀಳಿಹೋಗಿ, ನೀರೆಲ್ಲ ರಸ್ತೆಗೆ ಹರಿದುಹೋಯಿತು.

ಇಂಜಿನ್ ನಿಂತ ಮೇಲೆ ಹೊಸ ಮುಚ್ಚಳ ಹೆಮ್ಮೆಯಿಂದ ಕೇಳಿತು: "ನೋಡಿದೆಯಾ ಅಣ್ಣಾ? ನನ್ನಿಂದ ಒಂದು ಹನಿಯೂ ಸೋರಲಿಲ್ಲ."

ಹಳೇ ಮುಚ್ಚಳ ಸಂದಿಯಿಂದಲೇ ಇಣುಕಿ ನೋಡಿತು. ಹೊಸದರ ಕೆಳಗೆ ಕಾಪಾಡುವುದಕ್ಕೆ ಒಂದು ಹನಿಯೂ ಉಳಿದಿರಲಿಲ್ಲ.